ಬರುವಾಗ ಮಾತ್ರ ಕೂಗುವ ವೈಪರ್

ಮೌನದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಗುರುಗಳು ಎಲ್ಲ ದೇಶಗಳಲ್ಲೂ ಸಿಗುತ್ತಾರೆ. ಐತಪ್ಪ ಮೇಸ್ತ್ರಿ ಆ ಪೈಕಿ ಅಲ್ಲ. ಅವರ ಆಶ್ರಮಕ್ಕೆ ತಗಡಿನ ಮಾಡು, ನೆಲದ ತುಂಬ ಆಯಿಲ್ ಕಲೆ. ನದಿ ಕಡಲು ಸೇರುವ ಕಡೆ, ಉದ್ದ ಸೇತುವೆಯ ಬುಡದಲ್ಲಿ ಅವರ ಗ್ಯಾರೇಜು.

ಅಲ್ಲಿ ಒಂದು ಪದ್ಧತಿ ಇತ್ತು. ಕಲಿತು ಮುಗಿಯಿತು ಎನ್ನುವ ಶಿಷ್ಯರು ತಾವೇ ರಿಪೇರಿ ಮಾಡಿದ ಗಾಡಿಯಲ್ಲಿ ಗುರುವನ್ನು ಕೂರಿಸಿಕೊಂಡು ಸೇತುವೆ ದಾಟಬೇಕು. ಗುರು ಕಣ್ಣು ಮುಚ್ಚಿ ಕೂರುತ್ತಾರೆ. ಗಾಡಿಯಲ್ಲಿ ಇರಬಾರದ ಸದ್ದೊಂದು ಕೇಳಿದರೆ ಕಣ್ಣು ಬಿಡುತ್ತಾರೆ.

ಕಣ್ಣು ಬಿಟ್ಟರೆ ಗಾಡಿ ತಿರುಗಿಸಬೇಕು, ಇನ್ನೊಂದು ವರ್ಷ ಸ್ಪ್ಯಾನರ್ ಒರೆಸಬೇಕು. ಆಚೆ ದಡದ ತನಕ ಬಿಡದಿದ್ದರೆ, ಅವತ್ತಿನಿಂದ ಶಿಷ್ಯರೂ ಮೇಸ್ತ್ರಿ.

ಜಲಜಾಕ್ಷಿ ಎರಡು ಸಲ ಸೋತಿದ್ದಳು. ಮೊದಲ ವರ್ಷ ಬ್ರೇಕು ಕೀಂ ಎಂದಿತ್ತು. ಮರುವರ್ಷ ಬಾಗಿಲು ಗಡಗಡ ಎಂದಿತ್ತು, ಅದೂ ಆಚೆ ದಡ ಹತ್ತು ಮಾರು ಇರುವಾಗ.

ಈ ವರ್ಷ ಅವಳು ಆಚೆ ದಡದಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದಿದ್ದಳು. ಬೋರ್ಡೂ ಬರೆಸಿದ್ದಳು: ಜಲಜಾಕ್ಷಿ ಮೇಸ್ತ್ರಿ. ಬರೆಸಿ, ಹೆದರಿ, ಗೋಡೆಗೆ ಮುಖ ಮಾಡಿ ಇಟ್ಟಿದ್ದಳು.

ಪರೀಕ್ಷೆಯ ಗಾಡಿ ಎಲ್ವಿರಾ ಬಾಯಿಯದು. ಕೆಂಪು ಬಣ್ಣ, ಎರಡೇ ಸೀಟು, ಬಟ್ಟೆಯ ಟಾಪು. ನೋಡಲಿಕ್ಕೆ ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳ, ಓಡಿದರೆ ಬಾಣ.

"ನಾನು ಹಲ್ಲಿನ ಡಾಕ್ಟರು. ದಿನವಿಡೀ ಕಿರುಚಾಟ ಕೇಳ್ತೇನೆ," ಎಂದಿದ್ದರು ಬಾಯಿ. "ಮನೆಗೆ ಹೋಗುವಾಗ ವೈಪರ್ ಕೂಡ ಕಿರುಚಬೇಕಾ? ಮಂಗಳವಾರ ಐದು ಗಂಟೆಗೆ ಆಚೆ ದಡದಲ್ಲಿ ಕಾಯ್ತೇನೆ."

ಮಂಗಳವಾರ ಬಂತು. ಮಧ್ಯಾಹ್ನ ಕಳೆಯಿತು. ಎಂಜಿನ್ನು ವೀಣೆಯ ಹಾಗೆ ನುಡಿಯುತ್ತಿತ್ತು. ವೈಪರ್ ಇನ್ನೂ ಕಿರುಚುತ್ತಿತ್ತು.

ಜಲಜಾಕ್ಷಿ ಗುರುವಿನ ಮುಂದೆ ಬಂದು ನಿಂತಳು. ಅವರು ಚಾ ಆರಿಸುತ್ತಿದ್ದರು.

"ಗುರುಗಳೇ, ರಬ್ಬರ್ ಹೊಸತು ಹಾಕಿದೆ."

"ಸರಿ."

"ಗಾಜು ಸೋಪು ಹಾಕಿ ತೊಳೆದೆ. ಪೇಪರಿನಲ್ಲಿ ಉಜ್ಜಿದೆ."

"ಸರಿ."

"ಆದ್ರೂ ಕಿರ್ರ್ ಅಂತದೆ. ಅದಕ್ಕೇ ತೋಳಿಗೆ ಗಟ್ಟಿ ಸ್ಪ್ರಿಂಗ್ ಹಾಕಿ ಗಾಜಿಗೆ ಒತ್ತಿ ಹಿಡಿಸಿದೆ."

"ಈಗ ಎಂತ ಹೇಳ್ತದೆ?"

"ಈಗ ಕಿರುಚಿಕೊಂಡೇ ಕುಣೀತದೆ. ಡಬಡಬ ಅಂತ."

"ಮತ್ತೆ? ನಿನ್ನ ಕುತ್ತಿಗೆ ಒತ್ತಿ ಹಿಡಿದ್ರೆ ನೀನು ಭಜನೆ ಹೇಳ್ತೀಯಾ ಮಾರಾಯ್ತಿ?"

ಜಲಜಾಕ್ಷಿಗೆ ನಗು ಬಂತು, ಅಳುವೂ ಬಂತು. "ಹಾಗಾದ್ರೆ ನೀವೇ ಹೇಳಿ."

"ಅದು ಯಾವಾಗ ಕೂಗ್ತದೆ?"

"ಯಾವಾಗಲೂ!"

"ನೀನು ಕೇಳಿದ್ದಾ, ಸಿಟ್ಟು ಮಾಡಿದ್ದಾ?"

ಅವಳು ಹೋಗಿ ಗಾಜಿಗೆ ಪೈಪಿನಿಂದ ನೀರು ಬಿಟ್ಟು, ವೈಪರ್ ಹಾಕಿ, ಮೊದಲ ಸಲ ಕೈ ಕಟ್ಟಿ ಕೂತಳು. ಒಂದು ನಿಮಿಷ. ಎರಡು ನಿಮಿಷ.

ಆಮೇಲೆ ಓಡಿ ಬಂದಳು. "ಹೋಗುವಾಗ ಇಲ್ಲ ಗುರುಗಳೇ! ಬರುವಾಗ ಮಾತ್ರ!"

ಮೇಸ್ತ್ರಿ ಚಾ ಕುಡಿದು ಮುಗಿಸಿದರು. ಒಳಗೆ ಹೋಗಿ ಸುಣ್ಣದ ಬಕೆಟ್ಟೂ ಒಂದು ಅಗಲ ಬ್ರಷ್ಷೂ ತಂದರು.

"ಆ ಗೋಡೆಗೆ ಬಳಿ."

"ಈಗಲಾ? ಗಂಟೆ ನಾಲ್ಕೂಕಾಲು!"

"ಹಾಗಾದ್ರೆ ಬೇಗ ಬಳಿ."

ಜಲಜಾಕ್ಷಿ ಹಲ್ಲು ಕಚ್ಚಿ ಬಳಿದಳು. ಕೈ ಬಲಕ್ಕೆ ಹೋಯಿತು. ಬ್ರಷ್ಷಿನ ಕೂದಲು ಎಡಕ್ಕೆ ಬಾಗಿ ಹಿಂದೆ ಬಂತು. ಕೈ ಎಡಕ್ಕೆ ತಿರುಗಿತು. ಕೂದಲು ಮಗುಚಿ ಬಲಕ್ಕೆ ಬಾಗಿತು. ಸದ್ದಿಲ್ಲ.

ಮೇಸ್ತ್ರಿ ಬಂದು ಅವಳ ಮಣಿಕಟ್ಟು ಹಿಡಿದು ಸ್ವಲ್ಪ ಓರೆ ಮಾಡಿದರು. "ಹೀಗೇ ಹಿಡಿ. ಬಳಿ."

ಹೋಗುವಾಗ ಬ್ರಷ್ಷು ನುಣ್ಣಗೆ ಜಾರಿತು. ಬರುವಾಗ ಕೂದಲು ಗೋಡೆಗೆ ಮೂಗು ಕೊಟ್ಟು ನಿಂತಿತು, ಎಗರಿತು, ಪಟಪಟ ಎಂದು ಇಬ್ಬರ ಮುಖಕ್ಕೂ ಸುಣ್ಣ ಹಾರಿಸಿತು.

ಜಲಜಾಕ್ಷಿ ಮೂಗಿನ ಸುಣ್ಣವನ್ನೂ ಒರೆಸಲಿಲ್ಲ. ಬ್ರಷ್ಷನ್ನೇ ನೋಡಿದಳು.

"ಮಗುಚುದಿಲ್ಲ," ಎಂದಳು ಮೆಲ್ಲಗೆ. ಆಮೇಲೆ ಸೇತುವೆಯ ಆಚೆಗೂ ಕೇಳುವ ಹಾಗೆ: "ಗುರುಗಳೇ, ಅದಕ್ಕೆ ಮಗುಚಲಿಕ್ಕೆ ಆಗುದಿಲ್ಲ!"

ಬ್ರಷ್ಷು ಬಕೆಟ್ಟಿಗೆ ಬೀಳಲಿಲ್ಲ, ನೆಲಕ್ಕೆ ಬಿತ್ತು. ಅವಳು ಆಗಲೇ ಗಾಡಿಯ ಹತ್ತಿರ ಇದ್ದಳು.

ವೈಪರನ್ನು ಗಾಜಿನ ನಡುವೆ ನಿಲ್ಲಿಸಿದಳು. ರಬ್ಬರ್ ಬಿಚ್ಚಿ, ತೋಳಿನ ತುದಿಗೆ ಕಣ್ಣು ಹಚ್ಚಿ ನೋಡಿದಳು. ಹೌದು! ಯಾರೋ ಯಾವತ್ತೋ ಎಳೆದು ತೋಳು ತಿರುಚಿಹೋಗಿತ್ತು. ತುದಿ ಗಾಜಿಗೆ ನೇರ ನೋಡುವ ಬದಲು ಓರೆ ನೋಡುತ್ತಿತ್ತು. ರಬ್ಬರ್ ಹೋಗುವಾಗ ಬಾಗುತ್ತದೆ, ಬರುವಾಗ ಮಗುಚಲಾಗದೆ ಕಿರುಚುತ್ತದೆ. ಇಷ್ಟೇ! ಇಷ್ಟಕ್ಕೇ ಅವಳು ಮೂರು ದಿನ ಅದನ್ನು ಬೈದಿದ್ದಳು.

ಗಟ್ಟಿ ಸ್ಪ್ರಿಂಗ್ ಕಿತ್ತು ಹಳೆಯದನ್ನೇ ಹಾಕಿದಳು. ಎರಡು ಇಕ್ಕಳದಲ್ಲಿ ತೋಳು ಹಿಡಿದು, ಉಸಿರು ಕಟ್ಟಿ, ಒಂದಿಷ್ಟೇ ಇಷ್ಟು ಹಿಂದಕ್ಕೆ ತಿರುಚಿದಳು. ರಬ್ಬರ್ ಸಿಕ್ಕಿಸಿ ನೀರು ಬಿಟ್ಟಳು.

ಹೋಯಿತು. ಬಂತು. ಹೋಯಿತು. ಬಂತು.

ಏನೂ ಇಲ್ಲ.

"ಗುರುಗಳೇ! ಓಡಿ ಬನ್ನಿ!"

"ನಾನು ಯಾಕೆ ಓಡುದು?" ಎಂದರು ಮೇಸ್ತ್ರಿ, ಕನ್ನಡಕದ ಸುಣ್ಣ ಒರೆಸುತ್ತ. "ಗಾಡಿ ಉಂಟಲ್ಲ."

ಮಳೆ ಇದಕ್ಕೇ ಕಾದಿದ್ದ ಹಾಗೆ ಸುರಿಯಿತು. ಮೇಸ್ತ್ರಿ ಮಂಡಿ ಮಡಚಿ, ಬೈಯುತ್ತ, ಆ ಕುಳ್ಳ ಗಾಡಿಯೊಳಗೆ ಇಳಿದರು. ಕಣ್ಣು ಮುಚ್ಚಿದರು.

ಕೆಂಪು ಗಾಡಿ ಸೇತುವೆಗೆ ನೆಗೆಯಿತು. ಎರಡನೇ ಗೇರು, ಮೂರನೇ ಗೇರು. ಜಲಜಾಕ್ಷಿಗೆ ಕೂಗಬೇಕು ಅನ್ನಿಸಿತು, ತುಟಿ ಕಚ್ಚಿಕೊಂಡಳು. ಬ್ರೇಕು ಒತ್ತಿ ನೋಡಿದಳು. ಸದ್ದಿಲ್ಲ. ಬಾಗಿಲು ಗಪ್‌ಚಿಪ್. ವೈಪರ್ ಬಾಗುತ್ತ ಹೋಗಿ, ಬಾಗುತ್ತ ಬಂದು ಮಳೆಯನ್ನು ಬದಿಗೆ ಸರಿಸುತ್ತಿತ್ತು. ದೂರದಲ್ಲಿ, ಆಚೆ ದಡದಲ್ಲಿ, ಎಲ್ವಿರಾ ಬಾಯಿಯ ಹಳದಿ ಕೊಡೆ ಕಂಡಿತು.

ಅವಳು ಓರೆಗಣ್ಣಿನಿಂದ ಗುರುವಿನ ಕಡೆ ನೋಡಿದಳು.

ಸೇತುವೆಯ ನಟ್ಟ ನಡುವೆ, ಐತಪ್ಪ ಮೇಸ್ತ್ರಿ ಕಣ್ಣು ಬಿಟ್ಟು ಕೂತಿದ್ದರು.

ಜಲಜಾಕ್ಷಿಯ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಗಾಡಿ ನಿಂತಿತು. ಗೋಡೆಗೆ ಮುಖ ಮಾಡಿದ ಬೋರ್ಡು ಕಣ್ಣೆದುರು ಬಂತು.

"ಎಂತ ಸದ್ದು ಬಂತು?" ಎಂದಳು.

"ಎಂತದೂ ಇಲ್ಲ."

"ಬಾಗಿಲಾ? ವೈಪರಾ?"

"ಇಲ್ಲ ಅಂದೆನಲ್ಲ."

"ಮತ್ತೆ ಕಣ್ಣು ಯಾಕೆ ಬಿಟ್ಟಿರಿ?"

ಮೇಸ್ತ್ರಿ ಅವಳ ಕಡೆ ನೋಡಲಿಲ್ಲ. ಒರೆಸಿದ ಗಾಜಿನಾಚೆ, ಕೆಂಪು ನೀರು ತುಂಬಿ ಕಡಲಿನ ಕಡೆ ಓಡುತ್ತಿದ್ದ ನದಿಯನ್ನು ಬಾಯಿ ತೆರೆದು ನೋಡುತ್ತಿದ್ದರು.

"ಇಪ್ಪತ್ತಾರು ವರ್ಷದಿಂದ ಶಿಷ್ಯರ ಗಾಡಿಯಲ್ಲಿ ಈ ಸೇತುವೆ ಮೇಲೆ ಕಿವಿ ಕೊಟ್ಟು ಕೂತಿದ್ದೇನೆ. ಇವತ್ತು ಕೇಳಲಿಕ್ಕೆ ಏನೂ ಇಲ್ಲ, ಹಾಗೆ ನದಿ ನೋಡುವಾ ಅಂತ. ಗಾಡಿ ಬಿಡಿ, ಮೇಸ್ತ್ರಿ."