ತಳವಿದ್ದ ಬುಟ್ಟಿ

ಬಹಳ ಕಾಲದ ಹಿಂದೆ, ಗಳುವಿನಹಳ್ಳಿ ಅಂತ ಒಂದೂರಿನಲ್ಲಿ ದುಗ್ಗಪ್ಪ ಅಂತ ಒಬ್ಬ ಬುಟ್ಟಿ ಹೆಣೆಯುವವನಿದ್ದನಂತೆ. ಎಷ್ಟು ಕಾಲದ ಹಿಂದೆ ಅಂತ ಮಾತ್ರ ಕೇಳಬೇಡಿ. ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿ ಕೊನೆಗೆ ಜಗಳಕ್ಕೆ ಬೀಳುತ್ತಾರೆ. ಆಳು ಕುಳ್ಳ. ಆದರೆ ಹೆಣೆದು ಮುಗಿಸಿದ ಬುಟ್ಟಿಯನ್ನು ಕೂತಲ್ಲಿಂದಲೇ ಎಸೆದರೆ ಅದು ಗಾಡಿಯ ಹೇರಿನ ತುತ್ತತುದಿಗೆ ಹೋಗಿ ಕೂರುತ್ತಿತ್ತಂತೆ. ಹತ್ತು ಮಾರು ದೂರದಿಂದ ಅನ್ನುವವರಿದ್ದಾರೆ, ಹೊಲದಾಚೆಯಿಂದ ಅನ್ನುವವರೂ ಇದ್ದಾರೆ. ಇರಲಿ ಬಿಡಿ.

ದಂಡಿನಿಂದ ಬಂದ ಡ್ರಿಲ್ ಮೇಷ್ಟ್ರೊಬ್ಬರು ಆ ಊರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದರಂತೆ. ಕಲಿಸಿದರು ಸರಿ, ಕಬ್ಬಿಣದ ಬಳೆ ಎಲ್ಲಿಂದ ತರುವುದು? ಬುಟ್ಟಿಗೇನು ಬರವಿರಲಿಲ್ಲ. ಎರಡು ಕಂಬ ನೆಟ್ಟು ಎರಡು ಬಿದಿರ ಬುಟ್ಟಿ ಕಟ್ಟಿದರು. ಹೆಣೆದುಕೊಟ್ಟವಳು ದುಗ್ಗಪ್ಪನನ್ನು ಸಾಕಿದ ಸೋದರತ್ತೆ ಹೊನ್ನಮ್ಮ. ತಳ ಹಾಕಿಯೇ ಹೆಣೆದಳು. ತಳವಿಲ್ಲದ ಬುಟ್ಟಿ ಅವಳ ಕೈಯಿಂದ ಯಾವತ್ತೂ ಹೊರಟಿರಲಿಲ್ಲ.

ಹೀಗಾಗಿ ಬಿದ್ದ ಚೆಂಡು ಬುಟ್ಟಿಯಲ್ಲೇ ಉಳಿಯುತ್ತಿತ್ತು. ಯಾರಾದರೂ ಗಳು, ಅಂದರೆ ಉದ್ದನೆಯ ಬಿದಿರ ಕೋಲು, ತಂದು ಕೆಳಗಿನಿಂದ ತಿವಿದು ಕೆಡವಬೇಕು. ಅಲ್ಲಿಯವರೆಗೆ ಹತ್ತೂ ಜನ ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡುತ್ತ ನಿಲ್ಲುವುದು, ನೀರು ಕುಡಿಯುವುದು, ಬೆವರೊರೆಸಿಕೊಳ್ಳುವುದು. ಅದೇ ಊರ ಪದ್ಧತಿಯಾಯಿತಂತೆ.

ಪೇಟೆಯ ಪಂದ್ಯಕ್ಕೆ ಹೋದಾಗ ನೋಡಬೇಕಿತ್ತು ಅವಸ್ಥೆ! ಅಲ್ಲಿ ಬಳೆಯಿಂದ ಚೆಂಡು ಸೀದಾ ನೆಲಕ್ಕೆ ಬೀಳುತ್ತದೆ. ನಮ್ಮವರು ಬಾಯಿ ತೆರೆದು ಮೇಲೆ ನೋಡುತ್ತಾರೆ. ಅಷ್ಟರಲ್ಲಿ ಪೇಟೆಯವರು ಚೆಂಡೆತ್ತಿಕೊಂಡು ಆ ತುದಿಗೆ ಓಡಿ ಹಾಕಿರುತ್ತಾರೆ. ಹೀಗೇ ಏಳು ವರ್ಷ ಮೊದಲ ಪಂದ್ಯದಲ್ಲೇ ಸೋತರಂತೆ. ಏಳು ವರ್ಷ, ಸ್ವಾಮಿ! ಕತ್ತೆಯಾದರೂ ಕಲಿಯುತ್ತಿತ್ತು.

ಪೇಟೆಯ ಮೈದಾನದಲ್ಲಿ ಒಂದು ದೊಡ್ಡ ಹಲಗೆ. ಫೈನಲ್ ಮುಟ್ಟಿದ ಊರುಗಳ ಹೆಸರನ್ನು ಅದರ ಮೇಲೆ ಬಣ್ಣದಲ್ಲಿ ಬರೆಯುತ್ತಿದ್ದರು. ಗಳುವಿನಹಳ್ಳಿ ಅಂತ ಅಲ್ಲಿ ಒಂದೇ ಒಂದು ಸಲ ಬರೆಸಬೇಕು, ತಂಡದಲ್ಲಿ ಆಡುತ್ತಿದ್ದ ದುಗ್ಗಪ್ಪನಿಗೆ ಇದ್ದದ್ದು ಅದೊಂದೇ ಆಸೆ. ಅವನು ಮೂರು ಸಲ ಅತ್ತೆಯ ಮುಂದೆ ನಿಂತು, ಬುಟ್ಟಿಯ ತಳ ಕತ್ತರಿಸಲು ಅಪ್ಪಣೆ ಕೇಳಿದನಂತೆ. ಒಬ್ಬರು ಹೆಣೆದದ್ದಕ್ಕೆ ಇನ್ನೊಬ್ಬರು ಕತ್ತಿ ಹಾಕುವ ಹಾಗಿರಲಿಲ್ಲ ಆ ಊರಿನಲ್ಲಿ. ಬೇರೆ ಹೆಣೆದು ಕಟ್ಟಿದರೆ ಸಾಕಿದವಳಿಗೆ ಅವಮಾನ.

ಮೂರು ಸಲವೂ ಹೊನ್ನಮ್ಮ ಒಂದೇ ಮಾತು ಅಂದಳು. "ತಳ ಇಲ್ದಿರೋ ಬುಟ್ಟಿ ನೇತಾಕಿದ್ರೆ ಕಂಡೋರು ನನ್ ಕಸುಬಿಗೆ ಉಗೀತಾರೆ. ಮೊದ್ಲು ನಿನ್ ತಲೆಗೆ ತಳ ಐತಾ ನೋಡ್ಕೋ, ಹೋಗು."

ಬುಟ್ಟಿ ಬದಲಾಗದಿದ್ದರೆ ಬಾಯಿ ಇದೆಯಲ್ಲ ಅಂದುಕೊಂಡ ದುಗ್ಗಪ್ಪ. ಎಂಟನೆಯ ವರ್ಷ ಪೇಟೆಯಲ್ಲಿ ಚೆಂಡು ಬಳೆಯೊಳಗೆ ಬಿದ್ದ ಕೂಡಲೇ "ತಿರುಗ್ರೋ!" ಅಂತ ಕೂಗತೊಡಗಿದ. ಕೂಗಿದ ಕೂಡಲೇ ಉಳಿದ ನಾಲ್ವರಿಗೂ ಎಚ್ಚರವಾಗುತ್ತಿತ್ತು. ಆ ಒಂದು ಕೂಗಿನಿಂದಲೇ ಎರಡು ಪಂದ್ಯ ಗೆದ್ದರಂತೆ. ಹಾಗಂತ ಎಲ್ಲರೂ ಹೇಳುತ್ತಾರೆ, ನಾನೂ ನಂಬುತ್ತೇನೆ.

ಸೆಮಿಫೈನಲ್ಲಿನಲ್ಲಿ ಎದುರಿಗೆ ಪೇಟೆಯ ಗಿರಣಿ ತಂಡ. ಒಬ್ಬೊಬ್ಬನೂ ಬಾಗಿಲು ದಾಟಲು ಬಗ್ಗಬೇಕಾದ ಆಸಾಮಿ. ಗಳುವಿನಹಳ್ಳಿಯವರೆಲ್ಲ ಒಲೆಗೆ ನೀರು ಸುರಿದು ಗಾಡಿ ಹತ್ತಿದ್ದರು. ಹೊನ್ನಮ್ಮನೂ ಬಂದಿದ್ದಳು. ಪೇಟೆಯ ಆಟವನ್ನು ಅವಳು ನೋಡಿದ್ದು ಅದೇ ಮೊದಲು. ಬಳೆಗೆ ಕಟ್ಟಿದ ತಳವಿಲ್ಲದ ಬಲೆಯನ್ನು ನೋಡಿ ಇದೆಂಥ ಕೆಲಸ ಅಂತ ಮೂಗು ಮುರಿದಳಂತೆ. ಆಮೇಲೆ ದುಗ್ಗಪ್ಪ ಗಂಟಲು ಹರಿಯುವ ಹಾಗೆ ಕೂಗುವುದನ್ನು ಕೇಳಿ, ಮುಂದಕ್ಕೆ ಜರುಗಿ ಕೂತು ಆಟ ನೋಡತೊಡಗಿದಳು.

ಕೊನೆಯ ಗಳಿಗೆ. ನಮ್ಮವರು ಒಂದು ಪಾಯಿಂಟು ಹಿಂದೆ. ದುಗ್ಗಪ್ಪ ಮೈದಾನದ ನಡುವಿನಿಂದಲೇ, ಹೇರಿನ ಮೇಲಕ್ಕೆ ಬುಟ್ಟಿ ಎಸೆದ ಹಾಗೆ ಚೆಂಡು ಎಸೆದ. ಬಿತ್ತು! ಬಳೆಗೆ ತಾಗದೆ ಬಿತ್ತು. ನಮ್ಮವರು ಮುಂದೆ. ಉಳಿದದ್ದು ನಾಲ್ಕು ಉಸಿರಿನಷ್ಟು ಹೊತ್ತು. ತಿರುಗಿದ್ದರೆ ಸಾಕಿತ್ತು.

ತಿರುಗಲಿಲ್ಲ. ಕೂಗಬೇಕಾದವನೇ ಚೆಂಡು ಹಾಕಿದವನು! ಸೊಂಟದ ಮೇಲೆ ಕೈಯಿಟ್ಟು ಮೇಲೆ ನೋಡುತ್ತ ನಿಂತುಬಿಟ್ಟ. ನಾಲ್ವರೂ ಹಾಗೇ ನಿಂತರು. ಹೋಗಲಿ, ಸುತ್ತ ಕೂತ ಊರಿನವರಾದರೂ ಬಾಯಿ ಬಿಡಬೇಕಿತ್ತೋ ಬೇಡವೋ? ಊರಿಗೆ ಊರೇ ಕತ್ತೆತ್ತಿ, ಗಳು ಯಾವಾಗ ಬರುತ್ತದೆ ಅಂತ ಕಾಯುತ್ತಿತ್ತು. ಗಿರಣಿಯವನು ಚೆಂಡು ಎತ್ತಿ ಆ ತುದಿಗೆ ಎಸೆದ, ಅಲ್ಲಿದ್ದವನು ಹಾಕಿದ, ಸೀಟಿ ಊದಿದರು. ಒಂದು ಪಾಯಿಂಟು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇವತ್ತು ಹೇಳುವಾಗಲೂ ಹಣೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಗಾಡಿಯಲ್ಲಿ ದಾರಿಯುದ್ದಕ್ಕೂ ದುಗ್ಗಪ್ಪನಿಗೆ ಬೈಗುಳದ ಮಂಗಳಾರತಿ. ಅವನು, "ಮೈಮರೆತೆ, ತಪ್ಪು ನನ್ನದೇ" ಅಂದನಂತೆ. ಬುಟ್ಟಿಯ ಸುದ್ದಿ ಎತ್ತಲಿಲ್ಲ. ಅದೇ ಗಾಡಿಯಲ್ಲಿದ್ದ ಹೊನ್ನಮ್ಮ, ಈಗ ಹೇಳುತ್ತಾನೆ, ಇನ್ನೇನು ಹೇಳುತ್ತಾನೆ ಅಂತ ಸೆರಗು ಹಿಡಿದು ಕೂತಿದ್ದಳು. ಊರು ಬಂತು, ಅವನು ಹೇಳಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಕತ್ತಿ ಹಿಡಿದು ಬಂದು, ಏಣಿ ತರಿಸಿ, ಎಲ್ಲರೆದುರು ಎರಡೂ ಬುಟ್ಟಿಯ ತಳವನ್ನು ಕತ್ತರಿಸಿ ಕೆಡವಿದಳಂತೆ. "ಮೂರು ಸಲ ಕೇಳ್ದ ಕಣ್ರೋ. ನಾನೇ ಆಗಲ್ಲ ಅಂದೆ," ಅಂದಳು. ಆಮೇಲೆ ಅಳಿಯನ ಕಡೆ ತಿರುಗಿ, "ನಿನಗಾದ್ರೂ ಬಾಯಿರಲಿಲ್ವಾ, ಮಂಗ್ಯಾ?" ಅಂತ ಬೈಯುತ್ತ ಅತ್ತಳು. ಆದರೆ ತಳ ಕತ್ತರಿಸಿ ಏನು ಬಂತು? ಮುಂದಿನ ವರ್ಷದ ಹೊತ್ತಿಗೆ ದುಗ್ಗಪ್ಪನ ಮಂಡಿ ಕೈಕೊಟ್ಟಿತ್ತು. ಅವನು ಮತ್ತೆ ಆಡಲಿಲ್ಲ.

ಈಗ ಗಳುವಿನಹಳ್ಳಿಯಲ್ಲೂ ಕಬ್ಬಿಣದ ಬಳೆ ಇದೆ. ಆದರೂ ವರ್ಷದ ಮೊದಲ ಆಟಕ್ಕೆ ಮುಂಚೆ ಊರಿನ ಹಿರಿಯ ಹೆಂಗಸು ಒಂದು ಬುಟ್ಟಿಯ ತಳ ಕತ್ತರಿಸಬೇಕು. ಪೇಟೆಯ ಹಲಗೆಯ ಮೇಲೆ ಊರ ಹೆಸರು ಇನ್ನೂ ಬಂದಿಲ್ಲ. ಆದರೆ ಚೆಂಡು ಬಳೆಯೊಳಗೆ ಬಿದ್ದರೆ ಸಾಕು, ಹಾಕಿದವನ ಹೆಸರು ಏನೇ ಇರಲಿ, ಎಲೆಯಡಿಕೆ ಜಗಿಯುವ ಮುದುಕಿಯಿಂದ ಹಿಡಿದು ಇಡೀ ಊರು ಎದ್ದು ನಿಂತು ಅವತ್ತು ಕೂಗದೆ ಉಳಿದದ್ದನ್ನು ಕೂಗುತ್ತದೆ: "ತಿರುಗೋ ದುಗ್ಗಾ!"