ತೊಟ್ಟಿಲು ತೂಗುವ ವೈಪರ್ ಮೋಟರು

ಗುಜರಿ ಅಂಗಡಿಯ ನಿಂಗಾಜಮ್ಮನ ಮನೆಗೆ ಒಂದು ಮಧ್ಯಾಹ್ನ ಕರೆಂಟ್ ಆಫೀಸಿನ ಸಾಹೇಬರು ಫೈಲು ಹಿಡಿದು ನುಗ್ಗಿದರು. ನಡುಮನೆಯಲ್ಲಿ ಮೊಮ್ಮಗಳ ತೊಟ್ಟಿಲು ತಾನಾಗಿಯೇ ತೂಗುತ್ತಿತ್ತು.

"ಮನೆ ಮೀಟರಲ್ಲಿ ಮೋಟರು ಓಡಿಸ್ತೀಯಾ? ಎಷ್ಟು ಎಚ್‌ಪಿ? ಲೈನೇ ಕತ್ತರಿಸ್ತೀನಿ!"

"ಅದು ಹಳೇ ಕಾರಿನ ವೈಪರ್ ಮೋಟರು, ಸ್ವಾಮಿ. ಸುಮ್ನೆ ತಿರುಗಿದ್ರೆ ಎರಡು ಆಂಪು ಕರೆಂಟು ಎಳೀತದೆ, ಮಗು ಮಲಗಿದ್ರೆ ಮೂರು. ಕೈಯಲ್ಲಿ ತಡೆದ್ರೆ ಮಾತ್ರ ಹತ್ತು ದಾಟ್ತದೆ. ನಮ್ಮತ್ತೆ ಥರ, ತಡೆದಷ್ಟೂ ಜೋರು."

ಸಾಹೇಬರಿಗೆ ನಗು ಬಂತು. ನುಂಗಿಕೊಂಡರು. "ಆ ಮೂರು ಆಂಪು ಎಲ್ಲಿಂದ ಬರ್ತದೆ? ಕದ್ದಿದ್ದೇ ತಾನೇ?"

"ಫ್ಯೂಸ್ ಕಿತ್ತು ನೋಡಿ. ತೊಟ್ಟಿಲು ನಿಂತ್ರೆ ನಾನು ಕಳ್ಳಿ. ನಿಲ್ಲದಿದ್ರೆ ಮಗು ಚಾಕರಿ ನಿಮ್ದು."

"ಆಗಲಿ!" ಸಾಹೇಬರು ಫ್ಯೂಸ್ ಕಿತ್ತು ಅವಳ ಕೈಗಿಟ್ಟರು. ನಿಂಗಾಜಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ತೊಟ್ಟಿಲು ತೂಗುತ್ತಲೇ ಇತ್ತು. ಸಾಹೇಬರು ಮಂಡಿಯೂರಿ ಬಗ್ಗಿದರು. ಕೆಳಗೊಂದು ಗುಜರಿ ಬ್ಯಾಟರಿ. ಅದರ ವೈರು ಹೆಂಚಿನ ಮೇಲಿನ ಸೋಲಾರ್ ಪ್ಲೇಟಿಗೆ ಹೋಗಿತ್ತು.

"ಅಲ್ಲಮ್ಮಾ, ಗುಂಡಗೆ ತಿರುಗೋ ಮೋಟರು ಹಿಂದಕ್ಕೂ ಮುಂದಕ್ಕೂ ತೂಗೋದು ಹೇಗೆ?" ಈಗ ದನಿಯಲ್ಲಿ ಸಾಹೇಬಿಕೆ ಇರಲಿಲ್ಲ.

"ಕಾರಿನ ಗಾಜು ಒರೆಸೋವಾಗ ಹೇಗೋ, ಹಾಗೇ. ಮೋಟರಿಗೆ ಸಿಕ್ಕಿಸಿರೋ ಸರಳು ತೊಟ್ಟಿಲನ್ನ ಎಳೀತದೆ, ತಳ್ತದೆ. ಆ ಸರಳೂ ಗುಜರಿದೇ."

ಅಷ್ಟರಲ್ಲಿ ಮಗು ಕಿಟಾರನೆ ಕಿರುಚಿತು. ಫ್ಯೂಸ್ ಹೋದಾಗ ತಲೆ ಮೇಲಿನ ಫ್ಯಾನೂ ನಿಂತಿತ್ತಲ್ಲ! ಸಾಹೇಬರು ಫ್ಯೂಸಿಗೆ ಕೈ ಚಾಚಿದರು. ನಿಂಗಾಜಮ್ಮ ಕೊಡದೆ, "ಮಗು ಚಾಕರಿ ನಿಮ್ದು ಅಂತ ಒಪ್ಪಿದ್ರಲ್ಲ!" ಅಂದಳು. ಬೇರೆ ದಾರಿ ಕಾಣದೆ ಸಾಹೇಬರು ಫೈಲಿನಲ್ಲೇ ಗಾಳಿ ಬೀಸತೊಡಗಿದರು. ಮಗು ಸುಮ್ಮನಾಯಿತು.

ನಿಂಗಾಜಮ್ಮ ಅವರ ತೋಳನ್ನೇ ದಿಟ್ಟಿಸಿ ಕೇಳಿದಳು, "ಸ್ವಾಮಿ, ಈ ಮೋಟರು ಎಷ್ಟು ಎಚ್‌ಪಿ?"