ಭೂಮಿಗೆ ಹೊದಿಸಿದ ಕೌದಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಗುಡ್ಡಗಳಿಗೆ ಹೆಸರಿರಲಿಲ್ಲ, ಭೂಮಿಗೆ ಹೊದೆಯಲು ಒಂದು ಚೂರು ಬಟ್ಟೆಯೂ ಇರಲಿಲ್ಲ. ಚಳಿ ಬಂತೆಂದರೆ ಪಾಪ, ಭೂಮಿ ಗಡಗಡ ನಡುಗುತ್ತಿತ್ತು. ಭೂಮಿ ನಡುಗಿದರೆ ಗೂಡಿನ ಮೊಟ್ಟೆಗಳೆಲ್ಲ ಉರುಳಿ ಬಿದ್ದು ಒಡೆಯುತ್ತಿದ್ದವು.

ಹಳೇ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವ ಕಾಶವ್ವಜ್ಜಿಗೆ ಇದನ್ನು ನೋಡಿ ಕರುಳು ಚುರ್ ಎಂದಿತು. "ತಡಿ ಯವ್ವಾ, ನಿನಗೊಂದು ಕೌದಿ ಹೊಲದು ಕೊಡ್ತೇನಿ!" ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನಿಮಗ ಬ್ಯಾಡಾಗಿದ್ದು ನನಗ ಕೊಡ್ರಿ!" ಎಂದು ಊರೆಲ್ಲ ಕೂಗಿದಳು. ಹಾವು ಕಳಚಿದ ಪೊರೆ ಕೊಟ್ಟಿತು. ನವಿಲು ಉದುರಿದ ಗರಿ ಕೊಟ್ಟಿತು. ಕುರಿ ಮುಳ್ಳಿಗೆ ಸಿಕ್ಕಿದ್ದ ಉಣ್ಣೆ ಕೊಟ್ಟಿತು. ಹೊಳೆ ದಂಡೆಯಲ್ಲಿ ಒಣಗಿದ ಆಪುಹುಲ್ಲಿನ ನಾರು ಕೊಟ್ಟಿತು. ಇರುವೆ ಮಾತ್ರ ತಲೆ ತಗ್ಗಿಸಿತು.

"ನನ್ನ ಹತ್ರ ಒಂದು ಜ್ವಾಳದ ಕಾಳು ಬಿಟ್ಟರ ಏನೂ ಇಲ್ಲಜ್ಜಿ. ಅದೂ ಮಕ್ಕಳಿಗಂತ ಇಟ್ಟದ್ದು."

"ಇರಲಿ ತಗೊ, ಅವಕ್ಕ ಇರಲಿ," ಎಂದಳು ಕಾಶವ್ವ.

ಗಾಳಿ ಗಹಗಹಿಸಿ ನಕ್ಕಿತು. "ಹರಕು ತುಂಡಿನ ಮುದುಕಿ! ಹೊತ್ತು ಮುಳುಗೂದ್ರೊಳಗ ಮುಗಿಸು. ಇಲ್ಲಾಂದ್ರ ಎಲ್ಲಾ ಹಾರಿಸಿಕೊಂಡು ಹೋಗ್ತೇನಿ!"

ಕಾಶವ್ವ ಎಲ್ಲವನ್ನೂ ಭೂಮಿಯ ಮೈಮೇಲೆ ಹರಡಿಕೊಂಡೇ ಹೊಲಿದಳು, ಅಂಚಿನಿಂದ ನಡುವಿಗೆ, ಅಂಚಿನಿಂದ ನಡುವಿಗೆ. ಪೊರೆಯ ಪಕ್ಕ ಗರಿ, ಗರಿಯ ಪಕ್ಕ ಉಣ್ಣೆ. ಅಬ್ಬಬ್ಬಾ, ಏನು ಚೆಂದ! ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲ ಅವಳ ಕೈಗೆ ತೋಚಿದ್ದು. ಹಿಗ್ಗಿನಲ್ಲಿ ಮೈಮರೆತು, ಬುತ್ತಿಯ ಹೋಳಿಗೆಯನ್ನು ಮುರಿಮುರಿದು ಬಾಯಿಗೆ ಹಾಕಿಕೊಳ್ಳುತ್ತಲೇ ಹೊಲಿದಳು.

ಕೊನೆಗೆ ನಡುವೆ ಅಂಗೈಯಗಲ ಜಾಗ ಉಳಿಯಿತು. ಅದು ಕೌದಿಯ ಹೊಟ್ಟೆ. ಅಲ್ಲಿ ಒಂದು ತುತ್ತು ಇಟ್ಟೇ ಮುಚ್ಚಬೇಕು. ಹಸಿದ ಹೊಟ್ಟೆಯ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ. ಕಾಶವ್ವ ಬುತ್ತಿಗೆ ಕೈ ಹಾಕಿದಳು. ಖಾಲಿ!

"ಅಯ್ಯ ಶಿವನ! ಕೌದಿ ಪಾಲಿಂದೂ ನಾನ ತಿಂದುಬಿಟ್ಟೆನಲ್ಲ!"

ಹೊತ್ತು ಕೆಂಪಗೆ ಇಳಿಯುತ್ತಿತ್ತು. ಗಾಳಿ ಅಂಚು ಹಿಡಿದು ಜಗ್ಗತೊಡಗಿತು. ಅಷ್ಟರಲ್ಲಿ ಎದ್ದೆನೋ ಬಿದ್ದೆನೋ ಎಂದು ಓಡಿ ಬಂತು ಇರುವೆ. ತಲೆಯ ಮೇಲೆ ಅದೇ ಕಾಳು!

"ನಿನ್ನ ಮಕ್ಕಳಿಗೇನ ಮಾಡ್ತಿ?" ಕಾಶವ್ವನ ಕಣ್ಣು ತುಂಬಿತು.

"ಭೂಮಿ ಬೆಚ್ಚಗಿದ್ರ ಅವೂ ಬದುಕ್ತಾವ. ಸ್ವಲ್ಪ ಆಕಡೆ ಸರಿ ಅಜ್ಜಿ, ಸರಿ, ಹೊತ್ತಾತು!"

ಇರುವೆ ಕೌದಿಯ ಹೊಟ್ಟೆಯೊಳಗೆ ಇಳಿದು ಕಾಳನ್ನು ಒಪ್ಪವಾಗಿ ಇಟ್ಟಿತು. ಕಾಶವ್ವ ಸರಸರ ಹೊಲಿದು ಮುಚ್ಚಿದಳು. ಇರುವೆ ಹೊರಗೆ ಬರಬೇಕಲ್ಲ, ಅದಕ್ಕೆಂದು ಒಂದೇ ಒಂದು ಹೊಲಿಗೆ ಬಿಟ್ಟಳು. ಗಾಳಿ ಜಗ್ಗಿತು, ಜಗ್ಗಿತು, ಜಗ್ಗಿ ಜಗ್ಗಿ ಸುಸ್ತಾಯಿತು. ಕೌದಿ ಜಪ್ಪಯ್ಯ ಎನ್ನಲಿಲ್ಲ. ಭೂಮಿ ನಡುಗುವುದನ್ನು ನಿಲ್ಲಿಸಿತು, ಆ ಚಳಿಗೆ ಒಂದು ಮೊಟ್ಟೆಯೂ ಉರುಳಲಿಲ್ಲ.

ನಾಲ್ಕು ದಿನ ಕಳೆದು ನೋಡಿದರೆ, ಆ ಬಿಟ್ಟ ಹೊಲಿಗೆಯಿಂದ ಹಸಿರು ಮೊಳಕೆ ಇಣುಕುತ್ತಿತ್ತು! ಅದು ಬೆಳೆದು ತೆನೆ ಬಿಟ್ಟಿತು. ಇರುವೆಯ ಮಕ್ಕಳು ಹೊಟ್ಟೆ ಬಿರಿಯುವಷ್ಟು ತಿಂದವು.

ಅದಕ್ಕೇ ಕಂದಾ, ಅಂಗಳದ ಮಣ್ಣಿನಲ್ಲಿ ಸಣ್ಣ ತೂತು ಕಂಡರೆ, ಇರುವೆಯೊಂದು ಕಾಳು ಹೊತ್ತು ಅದರೊಳಗೆ ಇಳಿಯುತ್ತಿದ್ದರೆ, ಸ್ವಲ್ಪ ಸರಿದು ನಿಲ್ಲು: ಅದು ಕಾಶವ್ವ ಬಿಟ್ಟ ಹೊಲಿಗೆ, ಭೂಮಿಯ ಕೌದಿ ಹಸಿಯದಂತೆ ಇರುವೆ ಇವತ್ತಿಗೂ ತುತ್ತು ಇಟ್ಟು ಬರುತ್ತಿದೆ.